ದೊಡ್ಡಮ್ಮನ ಫೋಟೋದಲ್ಲಿ ಅಮ್ಮನ ಹಗ್ಗ

ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ನಮ್ಮ ಮನೆಯ ಬಟ್ಟೆ ಒಣಗಿಸುವ ಹಗ್ಗ ಬಿಗಿದುಕೊಂಡಿತು. ಅದರ ಮೇಲೆ ಒಂದು ಕರವಸ್ತ್ರವೂ ಇರಲಿಲ್ಲ. ಹೊತ್ತಿನ ಬಗ್ಗೆ ನನಗೆ ಅನುಮಾನವಿಲ್ಲ. ಕೆಳಗಿನ ಮನೆಯ ದೊಡ್ಡಮ್ಮ ಆ ಕ್ಷಣದಲ್ಲಿ ತೆಗೆದ ಫೋಟೋದ ಮೂಲೆಯಲ್ಲಿ ಅದು ಕಿತ್ತಳೆ ಬಣ್ಣದ ಅಂಕಿಗಳಲ್ಲಿ ಬಿದ್ದಿದೆ.

ಇದೆಲ್ಲ ಮತ್ತೆ ನೆನಪಾದದ್ದು ಒಂದು ವಾಸನೆಯಿಂದ. ಕಳೆದ ವಾರ ನವಿ ಮುಂಬಯಿಯ ಐರೋಲಿಯಲ್ಲಿ ನಮ್ಮ ಹೌಸಿಂಗ್ ಸೊಸೈಟಿಯ ಮುಂದೆ, ಮಳೆಗಾಲಕ್ಕೆ ಮೊದಲು ಎಂದು ರಸ್ತೆ ಬದಿಯ ಮರಗಳ ಕೊಂಬೆ ಕತ್ತರಿಸುತ್ತಿದ್ದರು. ಅವುಗಳಲ್ಲಿ ಒಂದು ಬಸರಿ ಮರ. ಕತ್ತರಿಸಿದಲ್ಲೆಲ್ಲ ಬಿಳಿ ಹಾಲು ಒಸರಿ, ಒಗರು ಒಗರಾದ ಹಸಿ ವಾಸನೆ ನಾಲ್ಕನೇ ಮಹಡಿಯವರೆಗೂ ಬಂತು. ನಾನು ಕೈಯಲ್ಲಿದ್ದ ಲೋಟ ಕೆಳಗಿಟ್ಟು ಬಾಲ್ಕನಿಗೆ ಓಡಿದೆ. ಗ್ರಿಲ್ ಹಿಡಿದು ಹಗ್ಗ ಹುಡುಕಿದೆ. ಈ ಮನೆಯಲ್ಲಿ ಹಗ್ಗವೇ ಇಲ್ಲ, ಬಟ್ಟೆ ಒಣಗುವುದು ಬಾಲ್ಕನಿಯ ಛಾವಣಿಗೆ ನೇತುಹಾಕಿದ ಸ್ಟೀಲ್ ಸರಳುಗಳ ಮೇಲೆ. ಅಂದು ರಾತ್ರಿ ನಿದ್ದೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಹಳೆಯ ಕಾಯಿಲೆ ಮರಳಿತು ಎಂದುಕೊಂಡೆ.

ಆಗ, ನನ್ನ ಮದುವೆಗೆ ಮೊದಲು, ನಾವು ಮುಂಬಯಿ ಪಕ್ಕದ ಠಾಣೆ ನಗರದ ಕೋಪರಿಯಲ್ಲಿದ್ದೆವು, ರೈಲು ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದ ಒಂದು ಹಳೆಯ ಕಟ್ಟಡದ ಮೊದಲ ಮಹಡಿಯಲ್ಲಿ. ಕೆಳಗಿನ ಮನೆಯಲ್ಲಿ ದೊಡ್ಡಮ್ಮ. ಅವರು ನಮಗೆ ಸಂಬಂಧವೇನೂ ಅಲ್ಲ. ಅವರೂ ಉಡುಪಿಯವರು, ನಾವೂ ಉಡುಪಿಯ ಕಡೆಯವರು, ಅಷ್ಟೇ. ಅಮ್ಮ ಅವರನ್ನು ‘ಅಕ್ಕ’ ಎನ್ನುತ್ತಿದ್ದುದರಿಂದ ನನಗೆ ದೊಡ್ಡಮ್ಮನಾದರು. ಕಟ್ಟಡದ ಮರಾಠಿ ಹೆಂಗಸರಿಗೆ ಅವರು ‘ಕಾಕೂ’, ಅಂದರೆ ಚಿಕ್ಕಮ್ಮ. ಗಂಡ ಸ್ಟೇಷನ್ ಬಳಿ ಸಣ್ಣ ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದರು. ಅವರು ತೀರಿಕೊಂಡ ಮೇಲೆ ದೊಡ್ಡಮ್ಮ ಕೆಲವು ವರ್ಷ ತಾವೇ ಗಲ್ಲಾದಲ್ಲಿ ಕೂತು, ಕೊನೆಗೆ ಗಂಡನ ತಮ್ಮನ ಮಗನಿಗೆ ವಹಿಸಿ ಮನೆಗೆ ಬಂದರು. ಬರುವಾಗ ಹೋಟೆಲಿನಿಂದ ತಂದದ್ದು ಒಂದು ಖಾಲಿ ಎಣ್ಣೆ ಡಬ್ಬ ಮಾತ್ರ. ಪಕ್ಕದ ಫೋಟೋ ಸ್ಟುಡಿಯೋದವನು ಅಂಗಡಿ ಮುಚ್ಚುವಾಗ ಅವನಿಂದ ಉದ್ದ ಲೆನ್ಸಿನ ಒಂದು ಕ್ಯಾಮೆರಾ ಕೊಂಡರು.

ಆ ಡಬ್ಬವನ್ನು ಹಿಂಬಾಗಿಲ ಮೆಟ್ಟಿಲ ಮೇಲೆ ಬೋರಲು ಹಾಕಿ, ಅದರ ಮೇಲೆ ಹಳೆಯ ಟವೆಲು ಮಡಚಿಟ್ಟು, ಪ್ರತಿದಿನ ಬೆಳಿಗ್ಗೆ ಕೂರುತ್ತಿದ್ದರು. ಎದುರಿಗೆ ಅವರ ತೋಟ. ತೋಟವೆಂದರೆ ಕಟ್ಟಡಕ್ಕೂ ಕಾಂಪೌಂಡ್ ಗೋಡೆಗೂ ನಡುವಿನ ಒಂದು ಪಟ್ಟಿ. ಜಾಗ ಸೊಸೈಟಿಯದು, ಗಿಡಗಳು ಅವರವು: ದಾಸವಾಳ, ಕರಿಬೇವು, ಕೆಸು, ಬಸಳೆಯ ಚಪ್ಪರ. ಗೋಡೆಯ ಹತ್ತಿರ, ಎಲ್ಲದಕ್ಕಿಂತ ಎತ್ತರವಾಗಿ, ಒಂದು ಬಸರಿ ಮರ. ದಾಸವಾಳಕ್ಕೆ ಸೂರಕ್ಕಿ ಬರುತ್ತಿತ್ತು, ಬಸಳೆಯೊಳಗೆ ಟುವ್ವಿ ಹಕ್ಕಿ ನುಸುಳುತ್ತಿತ್ತು, ಬಸರಿ ಹಣ್ಣಾದಾಗ ಕುಟ್ರ ಹಕ್ಕಿ, ಕೋಗಿಲೆ, ಗೊರವಂಕಗಳ ಸಂತೆ. ಚಳಿಗಾಲದಲ್ಲಿ ಹೊನ್ನಕ್ಕಿ. ಬೇಸಿಗೆ ಶುರುವಾಗುವಾಗ ಬಸರಿ ಎಲೆಯೆಲ್ಲ ಉದುರಿಸಿ, ನಾವು ನೋಡನೋಡುತ್ತಿದ್ದಂತೆ ತಾಮ್ರದ ಬಣ್ಣದಲ್ಲಿ ಚಿಗುರುತ್ತಿತ್ತು. ಆ ಕೆಲವು ದಿನ ದೊಡ್ಡಮ್ಮನಿಗೆ ತಿಂಡಿ ಮಾಡಲೂ ಪುರುಸೊತ್ತಿರುತ್ತಿರಲಿಲ್ಲ. ನಮ್ಮ ಮನೆಯಿಂದ ದೋಸೆ ಹೋಗುತ್ತಿತ್ತು.

ಅವರದೊಂದು ಕ್ರಮವಿತ್ತು. ಹಕ್ಕಿ ಬರಲಿ ಬಿಡಲಿ, ಕೂತ ಕೂಡಲೇ ಮರದ್ದು ಒಂದು ಫೋಟೋ ಹೊಡೆಯುತ್ತಿದ್ದರು. ಅದೇ ಡಬ್ಬದ ಮೇಲಿನಿಂದ, ಅದೇ ಕಡೆಗೆ. “ಬೋಣಿ ಆಗ್ಬೇಕಲ್ಲ ಮಗಾ. ಮೊದಲ ಗಿರಾಕಿ ಮರವೇ,” ಎನ್ನುತ್ತಿದ್ದರು. ಹೋಟೆಲಿನ ಅಭ್ಯಾಸ.

ಆ ಬೋಣಿ ಫೋಟೋದಲ್ಲಿ ಯಾವಾಗಲೂ ಒಂದು ಕಳಂಕ. ಅದು ನನ್ನ ಅಮ್ಮನ ಹಗ್ಗ. ನಮ್ಮ ಹಿಂದಿನ ಬಾಲ್ಕನಿಯ ಗ್ರಿಲ್‌ನಿಂದ ಬಸರಿಯ ಒಂದು ದಪ್ಪ ಕೊಂಬೆಯವರೆಗೆ ಅಮ್ಮ ನೀಲಿ ನೈಲಾನ್ ಹಗ್ಗ ಎಳೆಸಿದ್ದಳು. ಎರಡು ಕಡೆಯೂ ರಾಟೆ. ಬಾಲ್ಕನಿಯಲ್ಲೇ ನಿಂತು ಎಳೆದರೆ ಬಟ್ಟೆಗಳು ಒಂದೊಂದಾಗಿ ತೋಟದ ಮೇಲೆ ತೇಲಿ ಹೋಗುತ್ತಿದ್ದವು. ಬಟ್ಟೆ ಇಲ್ಲದಾಗ ಹಗ್ಗ ಜೋತು, ದೊಡ್ಡಮ್ಮನ ಚೌಕಟ್ಟಿನ ಅಡ್ಡಕ್ಕೆ ನಗುವ ಬಾಯಿಯ ಹಾಗೆ ಬಿದ್ದಿರುತ್ತಿತ್ತು. ಇದರ ಮೇಲೆ ಇಬ್ಬರಿಗೂ ವರ್ಷಗಟ್ಟಲೆ ಜಗಳ. ಒಬ್ಬರು ಮೇಲಿನಿಂದ, ಒಬ್ಬರು ಕೆಳಗಿನಿಂದ.

“ನಿನ್ನ ಹಗ್ಗ ತೆಗಿ ಮಾರಾಯ್ತಿ! ಹೊನ್ನಕ್ಕಿ ಬಂದು ಎಷ್ಟು ಚಂದ ಕೂತಿತ್ತು. ಫೋಟೋದಲ್ಲಿ ನೇಣು ಹಾಕ್ಕೊಂಡ ಹಾಗೆ ಕಾಣ್ತದೆ.”

“ಮತ್ತೆ ಇವರ ಪ್ಯಾಂಟು ಎಲ್ಲಿ ಒಣಗಿಸ್ಲಿ ಅಕ್ಕ? ನಿಮ್ಮ ಹೊನ್ನಕ್ಕಿ ಫೋಟೋ ಉಟ್ಕೊಂಡು ಆಫೀಸಿಗೆ ಹೋಗ್ಲಿಕ್ಕೆ ಆಗ್ತದಾ?”

“ಕಟ್ಟುವುದಾದ್ರೆ ಬಿಗಿಯಾಗಿ ಕಟ್ಟು. ಹಳೇ ಚಡ್ಡಿ ಲಾಡಿ ಹಾಗೆ ಜೋಲ್ತಾ ಉಂಟು.”

“ನನ್ನ ಹಗ್ಗ, ನನ್ನ ಇಷ್ಟ.”

ಹಗ್ಗ ಜೋತೇ ಇತ್ತು. ಜಗಳ ಮುಗಿದ ಮೇಲೆ ಅದೇ ಹಗ್ಗಕ್ಕೆ ಚೀಲ ಕಟ್ಟಿ ಕರಿಬೇವು ಮೇಲೆ ಬರುತ್ತಿತ್ತು.

ಇಲ್ಲಿಯ ಮರಾಠಿ ಹೆಂಗಸರು ಜ್ಯೇಷ್ಠದ ಹುಣ್ಣಿಮೆಯಂದು ಗಂಡನ ಆಯುಸ್ಸು ಬೇಡಿ ಆಲದ ಮರಕ್ಕೆ ಬಿಳಿ ನೂಲು ಸುತ್ತುತ್ತಾರೆ. ವಟಪೌರ್ಣಿಮೆ. ನಮ್ಮ ಕಟ್ಟಡದ ಸುತ್ತಮುತ್ತ ಆಲ ಇರಲಿಲ್ಲ. ಹಾಗಾಗಿ ಯಾವ ಕಾಲದಲ್ಲೋ ಬಸರಿಯನ್ನೇ ಆಲವೆಂದು ಒಪ್ಪಿಕೊಂಡಿದ್ದರು. ದೊಡ್ಡಮ್ಮ ವಿಧವೆ, ಪೂಜೆಗೆ ಸೇರುವ ಹಾಗಿರಲಿಲ್ಲ. ಆದರೆ ಮರ ಅವರ ಹಿಂಬಾಗಿಲಲ್ಲೇ ಇತ್ತು, ಕೈಯಲ್ಲಿ ಕ್ಯಾಮೆರಾ ಇತ್ತು. ನತ್ತು, ಹಸಿರು ಬಳೆ, ಜರಿ ಸೀರೆಯಲ್ಲಿ ಬಂದವರೆಲ್ಲ, “ಕಾಕೂ, ಛಾನ್ ಫೋಟೋ ಕಾಢಾ ಹಾಂ,” ಚಂದದ ಫೋಟೋ ತೆಗೆಯಿರಿ ಎಂದು, ಮರದ ಬುಡದಲ್ಲಿ ಒತ್ತೊತ್ತಾಗಿ ನಿಲ್ಲುವರು. ದೊಡ್ಡಮ್ಮ ಡಬ್ಬದ ಮೇಲಿನಿಂದ ಕೈ ಆಡಿಸಿ, ಸರ್ಕಾ, ಇಕಡೇ ಸರ್ಕಾ ಎಂದು ಅವರನ್ನು ಆಚೀಚೆ ಸರಿಸುವರು. ಜೊತೆಗೆ ಪ್ರತಿವರ್ಷದ ತಮಾಷೆ ಒಂದಿತ್ತು: ಇದು ಆಲ ಅಲ್ಲ, ನೀವು ಹೀಗೇ ಬೇರೆ ಮರದ ಹೆಸರು ಹಿಡಿದು ಕರೆಯುತ್ತಿದ್ದರೆ ಒಂದು ದಿನ ಇದಕ್ಕೆ ಸಿಟ್ಟು ಬಂದು ನಿಮ್ಮ ತಲೆ ಮೇಲೇ ಬೀಳುತ್ತದೆ. ಎಲ್ಲರೂ ನಗುತ್ತಿದ್ದರು.

ಅಮ್ಮ ಮೊದಲೆಲ್ಲ ಈ ಪೂಜೆಗೆ ಹೋಗುತ್ತಿರಲಿಲ್ಲ. ಇದು ನಮ್ಮಲ್ಲಿಲ್ಲ ಎನ್ನುತ್ತಿದ್ದಳು. ಆ ವರ್ಷ ಹೋದಳು. ಚಳಿಗಾಲದಲ್ಲಿ ಅಪ್ಪನಿಗೆ ಹೃದಯದ ಆಪರೇಷನ್ ಆಗಿತ್ತು. ಮನೆಯೊಳಗೆ ನಿಧಾನ ನಡೆದಾಡುವಷ್ಟು ಚೇತರಿಸಿಕೊಂಡಿದ್ದ, ಅಷ್ಟೇ. ಅಮ್ಮ ಹಿಂದಿನ ದಿನವೇ ನೂಲಿನ ಉಂಡೆ ತಂದು ದೇವರ ಮುಂದೆ ಇಟ್ಟಿದ್ದಳು. ಅವಳ ಮುಖ ನೋಡಿದರೆ ಆ ನೂಲಿನ ಮೇಲೆ ಅವಳು ಎಷ್ಟು ಭಾರ ಹಾಕಿದ್ದಾಳೆಂದು ತಿಳಿಯುತ್ತಿತ್ತು.

ಮೇ ತಿಂಗಳಲ್ಲಿ ಸೊಸೈಟಿಯವರು ಕಟ್ಟಡಕ್ಕೂ ಮರಕ್ಕೂ ನಡುವೆ ಹೊಸ ಚರಂಡಿ ಪೈಪು ಹಾಕಿಸಿದ್ದರು. ಅಗೆದವರು ಅಡ್ಡ ಬಂದ ಬೇರುಗಳನ್ನೆಲ್ಲ ಕಡಿದು, ಮಣ್ಣು ಮುಚ್ಚಿ, ಮೇಲೆ ಸಿಮೆಂಟಿನ ಪೇವರ್ ಬ್ಲಾಕ್ ಕೂರಿಸಿ ಹೋದರು. ಇನ್ನು ಕೆಸರಿಲ್ಲ ಎಂದು ನಮಗೆಲ್ಲ ಸಂತೋಷ. ದೊಡ್ಡಮ್ಮನಿಗೂ ಬಸಳೆ ಚಪ್ಪರ ಹೋದದ್ದರ ಸಿಟ್ಟು ಬಿಟ್ಟರೆ ಬೇರೇನೂ ಹೊಳೆದಿರಲಿಲ್ಲ. ಮರವನ್ನು ಕಟ್ಟಡದ ಕಡೆಯಿಂದ ಹಿಡಿದುಕೊಂಡಿದ್ದ ಬೇರುಗಳೇ ಅವು ಎಂದು ಆಮೇಲೆ ಗೊತ್ತಾಯಿತು. ಹುಣ್ಣಿಮೆಯ ಹಿಂದಿನ ರಾತ್ರಿ ಆ ವರ್ಷದ ಮೊದಲ ದೊಡ್ಡ ಮಳೆ ಸುರಿಯಿತು.

ಬೆಳಿಗ್ಗೆ ಮಳೆ ನಿಂತು ಬಿಸಿಲು ಬಂತು. ನಾನು ಬಾಲ್ಕನಿಯಲ್ಲಿ ಕಾಫಿ ಹಿಡಿದು ನಿಂತಿದ್ದೆ. ಎಂ.ಕಾಂ. ಮುಗಿಸಿ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದ ದಿನಗಳವು. ಕೆಳಗೆ ಐದಾರು ಹೆಂಗಸರು ಮರ ಸುತ್ತುತ್ತಿದ್ದರು, ಅವರ ಹಿಂದೆ ಅಮ್ಮ. ಪೂಜೆಯ ಗಲಾಟೆಯಲ್ಲಿ ದೊಡ್ಡಮ್ಮನಿಗೆ ಅಂದು ಬೋಣಿ ತಡವಾಗಿತ್ತು. ಡಬ್ಬದ ಮೇಲೆ ಕೂತು ಕ್ಯಾಮೆರಾ ಎತ್ತಿದರು, ಒಂದು ಫೋಟೋ ಹೊಡೆದರು. ಹಿಂದಿನ ಪರದೆಯಲ್ಲಿ ಅದನ್ನು ನೋಡಿದರು. ಮತ್ತೆ ಮರ ನೋಡಿದರು. ಆಮೇಲೆ ಮೇಲೆ ನನ್ನತ್ತ ತಲೆ ಎತ್ತಿದರು.

“ಹಗ್ಗದಲ್ಲಿ ಬಟ್ಟೆ ಹಾಕಿದ್ದೀಯೇನೇ?”

“ಇಲ್ಲ ದೊಡ್ಡಮ್ಮ. ಪೂಜೆ ಅಂತ ಅಮ್ಮ ಏನೂ ಹಾಕ್ಲಿಲ್ಲ.”

“ಮತ್ಯಾಕೆ ಬಿಗಿದುಕೊಂಡಿದೆ?”

ನಾನು ನೋಡಿದೆ. ನೀಲಿ ಹಗ್ಗ ಗೆರೆ ಎಳೆದ ಹಾಗೆ ನೆಟ್ಟಗಿತ್ತು. ಕೈ ಇಟ್ಟೆ. ಅದು ಒಳಗೊಳಗೇ ನಡುಗುತ್ತಿತ್ತು. ಗ್ರಿಲ್‌ನ ಕೊಂಡಿ ಕಿರ್ರ್ ಎಂದಿತು... ಆ ಸದ್ದನ್ನು ಆಮೇಲೆ ನಾನು ಎಷ್ಟು ಕಡೆ ಕೇಳಿದ್ದೇನೆ! ಲೋಕಲ್ ಟ್ರೇನಿನ ಬಾಗಿಲಲ್ಲಿ, ಲಿಫ್ಟಿನಲ್ಲಿ, ಗಂಡ ಮಗ್ಗುಲು ಬದಲಿಸಿದಾಗ ಮಂಚದಲ್ಲಿ.

ದೊಡ್ಡಮ್ಮ ಎದ್ದು ನಿಂತು ಕೂಗಿದರು. “ಝಾಡ್ ಪಡ್ತಯ್! ಸರ್ಕಾ, ಸರ್ಕಾ! ಮರ ಬೀಳ್ತದೆ!”

ಹೆಂಗಸರು ನಕ್ಕರು. ಕಾಕೂ ಪ್ರತಿವರ್ಷದ ತಮಾಷೆ ಶುರುಮಾಡಿದ್ದಾರೆ. ಸರ್ಕಾ ಎನ್ನುತ್ತಿದ್ದಾರೆಂದರೆ ಫೋಟೋ ಹೊಡೆಯುತ್ತಾರೆ. ಒಬ್ಬಳು ಸೆರಗು ಸರಿಮಾಡಿಕೊಂಡಳು, ಇನ್ನೊಬ್ಬಳು ಹಿಂದಿದ್ದವಳ ಕೈ ಹಿಡಿದು ಮುಂದಕ್ಕೆ ಎಳೆದಳು. ಎಲ್ಲರೂ ಮರದ ಬುಡಕ್ಕೆ ಇನ್ನಷ್ಟು ಒತ್ತಿ ನಿಂತು ಕ್ಯಾಮೆರಾ ಕಡೆ ನೋಡಿದರು. ಅಮ್ಮನೂ. ಉಂಡೆ ಕೈಯಲ್ಲಿ ಹಿಡಿದು, ಸ್ವಲ್ಪ ನಾಚಿಕೊಂಡು.

ನಾನು ಮೇಲಿನಿಂದ “ಅಮ್ಮಾ!” ಎಂದು ಕಿರುಚಿದೆ. ಅವಳು ತಲೆ ಎತ್ತಿ, ತಾಳು, ಫೋಟೋ ಆಗಲಿ ಎಂಬಂತೆ ಕೈ ಮಾಡಿದಳು.

ದೊಡ್ಡಮ್ಮ ಮತ್ತೆ ಕೂಗಲಿಲ್ಲ. ಮೆಟ್ಟಿಲಿಳಿದು ನೆಟ್ಟಗೆ ಆ ಗುಂಪಿನೊಳಕ್ಕೆ ನಡೆದರು. ಕ್ಯಾಮೆರಾ ಕುತ್ತಿಗೆಯಲ್ಲಿ ಅತ್ತಿತ್ತ ಬಡಿಯುತ್ತಿತ್ತು. ಅದನ್ನು ಅವರು ಹಾಗೆ ಬಿಟ್ಟದ್ದನ್ನು ನಾನು ಅದೊಂದೇ ಸಲ ನೋಡಿದ್ದು. ಅಮ್ಮನ ಕೈಯಿಂದ ಉಂಡೆ ಕಿತ್ತುಕೊಂಡರು. ಮರಕ್ಕೆ ಸುತ್ತಿದ್ದ ನೂಲಿಗೆ ಕೈ ಹಾಕಿ, ಎಲ್ಲರ ಎಳೆಗಳನ್ನೂ ಒಟ್ಟಿಗೆ ಹಿಡಿದು, ಹರಿದರು. ಹರಿದ ನೂಲು, ಉಂಡೆ, ಪೂಜೆಯ ತಟ್ಟೆ, ಎಲ್ಲವನ್ನೂ ಬಾಚಿಕೊಂಡು ತಿರುಗಿ ಮನೆ ಕಡೆ ಹೆಜ್ಜೆ ಹಾಕಿದರು.

ಆಮೇಲೆ ಅಮ್ಮನ ದನಿ ಕೇಳಿತು. ಅಂಥ ದನಿಯನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

“ಏನು ಮಾಡಿದ್ರಿ ನೀವು? ನಿಮ್ಮ ಕೈ ತಾಗ್ಬಾರ್ದು ಅಂತ ಗೊತ್ತಿಲ್ವಾ ನಿಮಗೆ? ನಮ್ಮನೆಯವರು ಇನ್ನೂ ಬದುಕಿದ್ದಾರೆ!”

ಅಮ್ಮ ಅವರ ಬೆನ್ನ ಹಿಂದೆ ಓಡಿದಳು. ಉಳಿದವರೂ ಓಡಿದರು. ಮರಾಠಿಯಲ್ಲಿ ಬೈಯುತ್ತ, ಅಳುತ್ತ, ಒಬ್ಬಳು ದೊಡ್ಡಮ್ಮನ ಸೆರಗು ಹಿಡಿದೆಳೆಯುತ್ತ. ದೊಡ್ಡಮ್ಮ ತಟ್ಟೆಯನ್ನು ಎದೆಗವಚಿಕೊಂಡು ಹಿಂತಿರುಗಿ ನೋಡದೆ ನಡೆಯುತ್ತಲೇ ಇದ್ದರು. ಮೆಟ್ಟಿಲು ಹತ್ತಿದರು. ಅಡುಗೆಮನೆಯೊಳಗೆ ಹೋದರು. ಎಲ್ಲರೂ ಅವರ ಹಿಂದೆ ನುಗ್ಗಿದರು.

ಆಗ ಹಗ್ಗ ತುಂಡಾಯಿತು. ಅದರ ತುದಿ ನನ್ನ ಕಿವಿಯ ಪಕ್ಕದಲ್ಲೇ ಬೀಸಿಹೋಗಿ ಬಾಗಿಲ ಗಾಜಿಗೆ ಬಡಿಯಿತು. ಪೇವರ್ ಬ್ಲಾಕುಗಳು ಒಂದೊಂದಾಗಿ ಮೇಲೆದ್ದವು. ಹಾಗೆಂದು ಹೇಳಿದರೆ ಯಾರೂ ನಂಬುವುದಿಲ್ಲ, ಆದರೆ ನಾನು ಕಂಡದ್ದು ಹಾಗೇ: ನೆಲದಡಿಯಲ್ಲಿ ಮಲಗಿದ್ದ ಯಾವುದೋ ಪ್ರಾಣಿ ಮೊಣಕಾಲೂರಿ ಏಳುತ್ತಿರುವ ಹಾಗೆ. ಬಸರಿ ಅವಸರವೇ ಇಲ್ಲದೆ ಆಚೆಗೆ ಬಾಗಿತು. ಕಾಂಪೌಂಡ್ ಗೋಡೆ ಅದರಡಿಯಲ್ಲಿ ಬಿಸ್ಕತ್ತಿನ ಹಾಗೆ ಪುಡಿಯಾಯಿತು. ಹೆಂಗಸರು ಫೋಟೋಗೆ ನಿಂತಿದ್ದ ಜಾಗ ಬೇರುಗಳ ಜೊತೆ ಕಿತ್ತೆದ್ದು, ಅಲ್ಲಿ ಆಳುದ್ದದ ಗುಂಡಿ ಬಾಯಿ ತೆರೆದಿತ್ತು. ಧೂಳಿನ ಜೊತೆ ಆ ಹಾಲಿನ ವಾಸನೆ ಮೇಲೆ ಬಂತು.

ಆಮೇಲೆ ತುಂಬ ಹೊತ್ತು ಗೊರವಂಕವೂ ಕೂಗಲಿಲ್ಲ.

ಒಬ್ಬರ ಮೈಮೇಲೂ ಗೀರು ಬಿದ್ದಿರಲಿಲ್ಲ. ಸಂಜೆ ದೊಡ್ಡಮ್ಮ ನಮ್ಮ ಮನೆಗೆ ಬಂದು ಕೂತರು. ಅಮ್ಮ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಅಪ್ಪನೇ ನಿಧಾನ ಎದ್ದು ಕಾಫಿ ತಂದುಕೊಟ್ಟ. ನೂಲು ಯಾಕೆ ಹರಿದಿರಿ ಎಂದು ಅಪ್ಪ ಕೇಳಲಿಲ್ಲ, ನಾನು ಕೇಳಿದೆ. ಕೈಹಿಡಿದು ಎಳೆಯಬಹುದಿತ್ತಲ್ಲ?

“ಎಷ್ಟು ಜನರ ಕೈ ಹಿಡಿದು ಎಳೀಲಿ ಮಗಾ? ನನಗಿರೋದು ಎರಡು ಕೈ. ಕರೆದ್ರೆ ಬರ್ಲಿಲ್ಲ. ಬೈಲಿಕ್ಕಾದ್ರೂ ಬಂದೇ ಬರ್ತಾರೆ ಅಂತ ಗೊತ್ತಿತ್ತು.” ಆಮೇಲೆ ಒಳಗಿದ್ದ ಅಮ್ಮನಿಗೂ ಕೇಳುವಂತೆ ಹೇಳಿದರು: “ನಿನ್ನ ಅಮ್ಮನ ಲಾಡಿಯೇ ಎಲ್ಲರನ್ನೂ ಉಳಿಸಿದ್ದು. ಅವಳು ನಾನು ಹೇಳಿದ ಹಾಗೆ ಬಿಗಿಯಾಗಿ ಕಟ್ಟಿದ್ರೆ ನನಗೆ ಇವತ್ತು ವ್ಯತ್ಯಾಸವೇ ಕಾಣ್ತಿರ್ಲಿಲ್ಲ.”

ಒಳಗೆ ಪಾತ್ರೆಯ ಸದ್ದು ನಿಂತಿತು. ಅಮ್ಮ ಬಂದು ಅವರ ಕಾಲಬಳಿ ನೆಲದ ಮೇಲೆ ಕೂತಳು. ಬೆಳಗಿನ ಆ ಮಾತು ಅವರಿಬ್ಬರ ನಡುವೆ ಮತ್ತೆಂದೂ ಬರಲಿಲ್ಲ.

ನಮ್ಮೆಲ್ಲರ ಪ್ರಾಣ ಉಳಿಯಿತು, ಅವರ ಮರ ಹೋಯಿತು. ಗರಗಸದವರು ಬಂದು ಕಡಿದು ಸಾಗಿಸುವಾಗ ದೊಡ್ಡಮ್ಮ ಹಿಂಬಾಗಿಲು ಮುಚ್ಚಿಕೊಂಡಿದ್ದರು. ಕುಟ್ರ ಹಕ್ಕಿ ಕೆಲವು ದಿನ ನಮ್ಮ ಟೀವಿ ಡಿಶ್ ಮೇಲೆ ಕೂತು, ಮರವಿದ್ದ ಖಾಲಿ ಜಾಗದ ಕಡೆ ಮುಖ ಮಾಡಿ ಕೂಗಿತು. ಅದರ ಫೋಟೋ ಅವರು ತೆಗೆಯಲಿಲ್ಲ. ಬೋಣಿಗೆ ಮರವಿಲ್ಲದೆ ಡಬ್ಬ ಮೂಲೆ ಸೇರಿತು. ತೆಗೆಯುವುದಾದರೆ ದಾಸವಾಳವಾದರೂ ಇತ್ತು. ಆದರೆ ಗಲ್ಲಾ ತೆರೆಯದೆ ವ್ಯಾಪಾರ ಹೇಗೆ ಎಂದುಬಿಟ್ಟರು.

ಮರುವರ್ಷದ ಹುಣ್ಣಿಮೆಗೆ ಹೆಂಗಸರು ಮಾರ್ಕೆಟಿನಿಂದ ಆಲದ ಒಂದು ರೆಂಬೆ ತಂದು ಕುಂಡದಲ್ಲಿ ನೆಟ್ಟರು, ಈ ಸಲ ನಿಜವಾದ ಆಲ. ಅಮ್ಮ ನೂಲಿನ ಉಂಡೆ ಹಿಡಿದು ನೇರ ದೊಡ್ಡಮ್ಮನ ಮೆಟ್ಟಿಲಿಗೆ ಹೋದಳು. ಎಲ್ಲರೂ ನೋಡುತ್ತಿದ್ದರು.

“ಮೊದಲ ಸುತ್ತು ನೀವು ಹಾಕಿ ಅಕ್ಕ.”

“ನನ್ನವರು ಹೋಗಿ ಎಷ್ಟು ವರ್ಷ ಆಯ್ತು ಮಾರಾಯ್ತಿ. ಈಗ ಆಯುಸ್ಸು ಕೇಳಿದ್ರೆ ಮೇಲೆ ಅವರಿಗೇ ಕಿರಿಕಿರಿ.”

“ಅವರಿಗಲ್ಲ. ನಮ್ಮನೆಯವರಿಗೆ ಕೇಳಿ.”

ದೊಡ್ಡಮ್ಮನ ನಗು ಅಲ್ಲೇ ನಿಂತಿತು. ಉಂಡೆ ಈಸಿಕೊಂಡರು. ಕುಂಡದ ಸುತ್ತ ಒಂದು ಸುತ್ತು ಬಂದರು. ಹಿಂದಿನ ವರ್ಷ ಅವರ ಸೆರಗು ಹಿಡಿದೆಳೆದಿದ್ದವಳೇ ಕುಂಡ ಅಲುಗಾಡದಂತೆ ಹಿಡಿದುಕೊಂಡಳು. ಅಪ್ಪ ಈಗಲೂ ಇದ್ದಾನೆ, ಸಂಜೆ ವಾಕಿಂಗಿಗೆ ಹೋಗುತ್ತಾನೆ.

ಅಮ್ಮ ಹೀಗೆ ಸುಧಾರಿಸಿಕೊಂಡಳು. ನನಗೆ ಆಗಲಿಲ್ಲ. ಒಂದಿಷ್ಟು ಕಿರ್ರ್ ಎಂದರೂ ಎದ್ದು ಕೂರುತ್ತಿದ್ದೆ. ಮದುವೆಯಾಗಿ ಐರೋಲಿಗೆ ಬಂದ ಮೇಲೂ ಹಾಗೇ. ಕೋಪರಿಯ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಯಿತು. ಅಲ್ಲೀಗ ಕೆಳಗೆ ಕಾರು ನಿಲ್ಲುವ, ಮೇಲೆ ಮೋಡ ತಾಗುವ ಟವರು. ದೊಡ್ಡಮ್ಮ ಖಾರಘರದಲ್ಲಿರುವ ಮಗಳ ಮನೆಗೆ ಹೋದರು. ಬೆಟ್ಟದ ಬುಡದ ಎತ್ತರದ ಕಟ್ಟಡ. ಅಲ್ಲಿ ಅವರು ಮತ್ತೆ ಕ್ಯಾಮೆರಾ ಎತ್ತಿಕೊಂಡರು. ಫೋನಿನಲ್ಲಿ ಹೇಳಿದರು: “ಇಷ್ಟು ವರ್ಷ ಹದ್ದಿನ ಹೊಟ್ಟೆ ನೋಡಿದ್ದೆ. ಈಗ ಬೆನ್ನು ಕಾಣ್ತದೆ ಮಗಾ. ಬೆನ್ನೇ ಚಂದ.” ಕಳೆದ ಚಳಿಗಾಲದಲ್ಲಿ, ಬೆಳಗಿನ ತಿಂಡಿ ಮುಗಿಸಿ ಕೂತಲ್ಲೇ, ಅವರು ತೀರಿಕೊಂಡರು.

ಕಳೆದ ವಾರ ನಿದ್ದೆ ಕೆಟ್ಟ ಮೇಲೆ ನಾನು ಅವರ ಮಗಳಿಗೆ ಫೋನ್ ಮಾಡಿದೆ. ಭಾನುವಾರ ಪನವೇಲ್ ಟ್ರೇನ್ ಹಿಡಿದು ಖಾರಘರಕ್ಕೆ ಹೋದೆ. ಮಗಳು ಕನ್ನಡ ಅರ್ಥ ಮಾಡಿಕೊಳ್ಳುತ್ತಾಳೆ, ಉತ್ತರ ಕೊಡುವುದು ಹಿಂದಿಯಲ್ಲಿ. “ಆಯಿ ಕಾ ಕ್ಯಾಮೆರಾ ಲೇ ಜಾವೋ ನಾ,” ಎಂದಳು. ದೊಡ್ಡಮ್ಮನ ಕ್ಯಾಮೆರಾ ಒಯ್ಯುವುದು ಬೇಡ ಎಂದೆ. ಒಂದು ಫೋಟೋ ಸಾಕು ಎಂದೆ, ಕೋಪರಿಯ ತೋಟದ್ದು. ಅವಳು ಕಂಪ್ಯೂಟರಿನಲ್ಲಿ ತೆರೆದು ತೋರಿಸಿದಳು. ಬೋಣಿ ಫೋಟೋಗಳು ಎಷ್ಟೊಂದು! ಬೋಳು ಬಸರಿ, ತಾಮ್ರದ ಬಸರಿ, ಹಸಿರು ಬಸರಿ. ಕೊನೆಯದರಲ್ಲಿ ಹಗ್ಗ ನೆಟ್ಟಗಿದೆ, ಅಮ್ಮ ಉಂಡೆ ಹಿಡಿದು ನಡೆಯುತ್ತಿದ್ದಾಳೆ, ಮೂಲೆಯಲ್ಲಿ ಆ ಕಿತ್ತಳೆ ಅಂಕಿಗಳು. ಅದನ್ನು ನೋಡಬೇಕೆಂದೇ ನಾನು ಹೋದದ್ದು. ನೋಡಿದೆ, ಮುಚ್ಚಿದೆ.

ನಾನು ಆರಿಸಿಕೊಂಡದ್ದು ಬೇರೆ. ಅದರಲ್ಲಿ ಹೊನ್ನಕ್ಕಿ ಇದೆ. ಅದರ ಕುತ್ತಿಗೆಗೆ ಅಡ್ಡಲಾಗಿ ನೀಲಿ ಹಗ್ಗ, ಹಳೆಯ ಲಾಡಿಯ ಹಾಗೆ ಜೋತಿದೆ. ದೊಡ್ಡಮ್ಮ ಕೆಟ್ಟಿತು ಎಂದು ಬೈದುಕೊಂಡ ಫೋಟೋ. ಆದರೂ ಅಳಿಸಿರಲಿಲ್ಲ.

ಸ್ಟೇಷನ್ ಬಳಿ ಪ್ರಿಂಟ್ ಹಾಕಿಸಿ ತಂದು, ಮಂಚದ ಎದುರಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದೆ. ಆ ರಾತ್ರಿ ಮಳೆ ಬಂತು. ಎಲ್ಲೋ ಏನೋ ಕಿರ್ರ್ ಎಂದಿತು. ಕಣ್ಣು ಬಿಟ್ಟೆ. ಬೀದಿ ದೀಪದ ಬೆಳಕಿನಲ್ಲಿ ಗೋಡೆ ನೋಡಿದೆ. ಹಗ್ಗ ಜೋತೇ ಇತ್ತು.

ಇದನ್ನು ದೊಡ್ಡಮ್ಮನಿಗೆ ಹೇಳಬೇಕಿತ್ತು. ಹೇಳಲು ಅವರಿಲ್ಲ. ಮಗ್ಗುಲು ಬದಲಿಸಿದೆ. ಎಚ್ಚರವಾದಾಗ ಬಿಸಿಲು ಫೋಟೋದ ಮೇಲೆ ಬಿದ್ದಿತ್ತು, ಗಂಡ ಆಗಲೇ ಆಫೀಸಿಗೆ ಹೊರಟುಹೋಗಿದ್ದ.